ಸಲಹೆ ಕೇಳಲ್ಪಟ್ಟವನು ವಿಶ್ವಸ್ತನು
(ಸ್ವತಂತ್ರ ಕಂಪ್ಯೂಟರ್ ಕೆಲಸಗಾರನಿಗೆ ಕೆಲವು ಪಾಠಗಳು)

ಹಝ್ರತ್ ಮೂಸಾ(ಅ)ರವರು ಈಜಿಪ್ಟನ್ನು ಬಿಟ್ಟು ಮದ್‌ಯನ್ ತಲುಪಿದಾಗ ಅವರ ಕೈಯಲ್ಲಿ ಏನೂ ಇರಲಿಲ್ಲ. ಬೆಳೆದದ್ದು ಫಿರ್‌ಔನನ ಅರಮನೆಯಲ್ಲಿ. ಈಗ ಅನ್ನವಿಲ್ಲ, ಆಸರೆಯಿಲ್ಲ, ಪರಿಚಯದವರು ಯಾರೂ ಇಲ್ಲ. ಊರ ಬಾವಿಯ ಬಳಿ ಕುರುಬರು ತಮ್ಮ ಕುರಿಗಳಿಗೆ ನೀರು ಕುಡಿಸುತ್ತಿದ್ದರು. ಇಬ್ಬರು ಹೆಣ್ಣುಮಕ್ಕಳು ತಮ್ಮ ಹಿಂಡನ್ನು ತಡೆದುಕೊಂಡು ದೂರ ನಿಂತಿದ್ದರು. ಮೂಸಾ(ಅ)ರು ಅವರ ಕಷ್ಟವನ್ನು ಕೇಳಿ ತಿಳಿದುಕೊಂಡರು, ಅವರ ಕುರಿಗಳಿಗೆ ನೀರು ಕುಡಿಸಿದರು, ಆಮೇಲೆ ನೆರಳಿಗೆ ಹೋಗಿ ಕುಳಿತು ತನ್ನ ಅಗತ್ಯವನ್ನು ಅಲ್ಲಾಹನ ಮುಂದೆ ತೋಡಿಕೊಂಡರು. ಕೆಲಸ ಮಾಡಿಕೊಟ್ಟವರಲ್ಲಿ ಅವರು ಏನನ್ನೂ ಬೇಡಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಆ ಮನೆಯಿಂದ ಕರೆ ಬಂತು. ಆ ಹೆಣ್ಣುಮಕ್ಕಳಲ್ಲಿ ಒಬ್ಬಳು ತಂದೆಗೆ ಶಿಫಾರಸು ಮಾಡುತ್ತಾ ಇವರನ್ನು ಕೆಲಸಕ್ಕಿಟ್ಟುಕೊಳ್ಳಿ, ಕೆಲಸಕ್ಕಿಟ್ಟುಕೊಳ್ಳಲು ಅತ್ಯುತ್ತಮನು ಬಲಶಾಲಿಯೂ ವಿಶ್ವಸ್ತನೂ ಆದವನು ಎಂಬರ್ಥದ ಮಾತನ್ನು ಹೇಳಿದಳು. ಅಲ್ ಕಸಸ್ ಅಧ್ಯಾಯದ 23ರಿಂದ 28ರವರೆಗಿನ ವಚನಗಳಲ್ಲಿ ಈ ಪ್ರಸಂಗವಿದೆ.

ನಮ್ಮ ಮದ್ರಸಗಳಲ್ಲಿ ಈ ಕತೆಯನ್ನು ಮಕ್ಕಳಿಗೆ ಪ್ರವಾದಿಯೊಬ್ಬರ ಜೀವನಚರಿತ್ರೆಯೆಂದು ಕಲಿಸುತ್ತೇವೆ. ಅದು ಸರಿಯೇ. ಆದರೆ ಜೀವನೋಪಾಯದ ದೃಷ್ಟಿಯಿಂದ ಓದಿದರೆ ಇದರಲ್ಲಿ ಇನ್ನೊಂದು ಪಾಠವೂ ಇದೆ. ಹಳೆಯ ಸ್ಥಾನವನ್ನು ಕಳೆದುಕೊಂಡು ಹೊಸ ಊರಿಗೆ ಬಂದವನೊಬ್ಬನು ಕೆಲಸವನ್ನು ಹೇಗೆ ಪಡೆದನು, ಕರಾರನ್ನು ಹೇಗೆ ಮಾಡಿಕೊಂಡನು, ಅದನ್ನು ಹೇಗೆ ಪೂರೈಸಿದನು ಎಂಬ ಪಾಠ.

ಇಂದು ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಈ ಪಾಠದ ಅಗತ್ಯವಿರುವ ಯುವಕರು ಹಲವರಿದ್ದಾರೆ. ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಬಿ.ಸಿ.ಎ. ಮುಗಿಸಿ, ಬೆಂಗಳೂರಿನಲ್ಲಿ ಕೆಲವು ವರ್ಷ ದುಡಿದು, ಕಂಪನಿ ಕೆಲಸದಿಂದ ತೆಗೆದುದರಿಂದ ಅಥವಾ ತಂದೆ-ತಾಯಿಯರ ಅನಾರೋಗ್ಯದಿಂದ ನವಲಗುಂದ ತಾಲೂಕಿನ ತಿರ್ಲಾಪುರದಂತಹ ಊರಿಗೆ ಮರಳಿದವರು ಅವರು. ಜೊತೆಗೆ ಒಂದು ಲ್ಯಾಪ್‌ಟಾಪ್ ಮತ್ತು ತಲೆಯಲ್ಲಿ ವಿದ್ಯೆ ಇದೆ, ಪಗಾರವಿಲ್ಲ. ಇನ್ನು ಮುಂದೆ ಸ್ವಂತವಾಗಿ ಕಂಪ್ಯೂಟರ್ ಸಲಹೆಗಾರನಾಗಿ ಬದುಕಬೇಕೆಂಬುದು ಅವರ ಇಚ್ಛೆ. ಮನೆಯವರಿಗೆ ಭಯ, ಅವರಿಗೂ ಒಳಗೊಳಗೆ ಭಯ. ಈ ಲೇಖನ ಅಂಥವರಿಗಾಗಿ ಮತ್ತು ಅವರ ಮನೆಯವರಿಗಾಗಿ.

ಪಗಾರದವನು ಬೇರೆ, ಸ್ವತಂತ್ರನು ಬೇರೆ

ಫಿಕ್‌ಹ್ ಗ್ರಂಥಗಳಲ್ಲಿ ಇಜಾರಾ, ಅಂದರೆ ಬಾಡಿಗೆ ಮತ್ತು ಕೂಲಿಯ ಅಧ್ಯಾಯದಲ್ಲಿ, ದುಡಿಯುವವರನ್ನು ಎರಡು ಬಗೆಯಾಗಿ ವಿಂಗಡಿಸಲಾಗಿದೆ. ಒಬ್ಬನು ಅಜೀರೆ ಖಾಸ್. ಅವನು ತನ್ನ ಸಮಯವನ್ನೇ ಒಬ್ಬ ಯಜಮಾನನಿಗೆ ಒಪ್ಪಿಸಿದವನು. ನಿಗದಿತ ಸಮಯದಲ್ಲಿ ಅವನು ಹಾಜರಿದ್ದರೆ ಸಾಕು. ಯಜಮಾನನು ಕೆಲಸ ಕೊಡದಿದ್ದರೂ ಕೂಲಿಗೆ ಹಕ್ಕುದಾರನು. ಇನ್ನೊಬ್ಬನು ಅಜೀರೆ ಮುಶ್ತರಕ್. ಅವನು ದರ್ಜಿ, ಅಗಸ, ಬಣ್ಣಗಾರರಂತೆ ಹಲವರ ಕೆಲಸವನ್ನು ಹಿಡಿಯುವವನು. ಅವನಿಗೆ ಪ್ರತಿಫಲ ಸಲ್ಲುವುದು ಹಾಜರಾತಿಗಲ್ಲ, ಮುಗಿಸಿಕೊಟ್ಟ ಕೆಲಸಕ್ಕೆ.

ಕಂಪನಿಯ ನೌಕರನು ಮೊದಲ ಬಗೆಯವನು, ಸ್ವತಂತ್ರ ಸಲಹೆಗಾರನು ಎರಡನೆಯ ಬಗೆಯವನು. ನೌಕರಿ ಬಿಟ್ಟು ಬಂದವನು ಮೊತ್ತಮೊದಲು ಈ ವ್ಯತ್ಯಾಸವನ್ನು ಮನಸ್ಸಿಗೆ ತಂದುಕೊಳ್ಳಬೇಕು. ನಿನ್ನೆಯವರೆಗೆ ತಿಂಗಳ ಕೊನೆಗೆ ಹಣ ತಾನಾಗಿ ಬರುತ್ತಿತ್ತು. ಗಿರಾಕಿಯನ್ನು ಹುಡುಕುವವರು, ದರ ಮಾತಾಡುವವರು, ಬಾಕಿ ವಸೂಲು ಮಾಡುವವರು ಬೇರೆ ಬೇರೆ ಇದ್ದರು. ಇಂದು ಅವೆಲ್ಲವೂ ಇವನೊಬ್ಬನ ಕೆಲಸ. ದಿನಕ್ಕೆ ಎಂಟು ತಾಸು ಲ್ಯಾಪ್‌ಟಾಪಿನ ಮುಂದೆ ಕುಳಿತೆನೆಂದು ಯಾರೂ ಇವನಿಗೆ ಹಣ ಕೊಡುವುದಿಲ್ಲ.

ಹೊಣೆಯೂ ಹೆಚ್ಚು. ಅಜೀರೆ ಮುಶ್ತರಕ್‌ನ ಕೈಯಲ್ಲಿ ಗಿರಾಕಿಯ ವಸ್ತು ಹಾಳಾದರೆ ಏನೆಂಬ ವಿಷಯದಲ್ಲಿ ಇಮಾಮ್ ಅಬೂಹನೀಫಾ(ರಹ್)ರು ಮತ್ತು ಅವರ ಇಬ್ಬರು ಶಿಷ್ಯರ ನಡುವೆ ಭಿನ್ನಾಭಿಪ್ರಾಯವಿದೆ. ಆ ವಸ್ತು ಅವನ ಬಳಿ ಅಮಾನತು ಮಾತ್ರ, ಅವನ ತಪ್ಪಿಲ್ಲದೆ ನಷ್ಟವಾದರೆ ಅವನು ತೆರಬೇಕಾಗಿಲ್ಲವೆಂದು ಇಮಾಮರು ಹೇಳಿದರು. ವ್ಯಾಪಕ ಬೆಂಕಿಯಂತಹ, ತಪ್ಪಿಸಲು ಸಾಧ್ಯವಿಲ್ಲದ ಕಾರಣವಿದ್ದರೆ ಹೊರತು ಅವನೇ ಹೊಣೆಯೆಂದು ಇಮಾಮ್ ಅಬೂಯೂಸುಫ್ ಮತ್ತು ಇಮಾಮ್ ಮುಹಮ್ಮದ್(ರಹ್) ಅಭಿಪ್ರಾಯಪಟ್ಟರು. ಅಂಗಡಿಯವನ ಐದು ವರ್ಷಗಳ ಲೆಕ್ಕವಿರುವ ಕಂಪ್ಯೂಟರನ್ನು ರಿಪೇರಿಗೆ ತಂದು, ಪ್ರತಿಯನ್ನು ತೆಗೆದಿಡದೆ ಡಿಸ್ಕನ್ನು ಅಳಿಸಿಬಿಟ್ಟವನಿಗೆ ಈ ಎರಡು ಅಭಿಪ್ರಾಯಗಳಲ್ಲಿ ಯಾವುದರಲ್ಲೂ ಆಶ್ರಯವಿಲ್ಲ, ಏಕೆಂದರೆ ತಪ್ಪು ಅವನದೇ. ಆದುದರಿಂದ ಯಾವ ಯಂತ್ರವನ್ನು ಮುಟ್ಟುವ ಮೊದಲೂ ಅದರೊಳಗಿನ ಲೆಕ್ಕಪತ್ರಗಳ ಪ್ರತಿ ತೆಗೆದು ಭದ್ರಪಡಿಸುವುದು ಬರೇ ಜಾಣತನವಲ್ಲ, ಅದು ಶರೀಅತ್ತಿನ ಬೇಡಿಕೆಯೂ ಹೌದು.

ಮೊದಲ ಗಿರಾಕಿ ಎಲ್ಲಿದ್ದಾನೆ?

ಹಝ್ರತ್ ಅಬ್ದುರ್ರಹ್ಮಾನ್ ಬಿನ್ ಔಫ್(ರ)ರು ಮಕ್ಕಾದಿಂದ ಬರಿಗೈಯಲ್ಲಿ ಮದೀನಕ್ಕೆ ಬಂದರು. ಪ್ರವಾದಿ(ಸ)ರವರು ಅವರನ್ನು ಸಅದ್ ಬಿನ್ ರಬೀ(ರ)ರೊಂದಿಗೆ ಸಹೋದರರನ್ನಾಗಿ ಮಾಡಿದರು. ಸಅದ್‌ರು ತಮ್ಮ ಸಂಪತ್ತಿನ ಅರ್ಧವನ್ನೇ ಕೊಡಲು ಮುಂದೆ ಬಂದರು. ಅಬ್ದುರ್ರಹ್ಮಾನ್‌ರು ಅವರಿಗೆ ಶುಭ ಹಾರೈಸಿ, ಇಲ್ಲಿ ವ್ಯಾಪಾರ ನಡೆಯುವ ಸಂತೆ ಯಾವುದೆಂದು ಮಾತ್ರ ವಿಚಾರಿಸಿದರು. ಕೈನುಕಾ ಸಂತೆಗೆ ಹೋದರು, ಸಂಜೆ ಒಣಗಿದ ಮೊಸರಿನ ಗಟ್ಟಿ ಮತ್ತು ತುಪ್ಪದೊಂದಿಗೆ ಮರಳಿದರು. ಸಹೀಹ್ ಬುಖಾರಿಯಲ್ಲಿ ಈ ಘಟನೆಯಿದೆ. ಮುಂದೆ ಅವರು ಮದೀನದ ದೊಡ್ಡ ಶ್ರೀಮಂತರಲ್ಲಿ ಒಬ್ಬರಾದರು. ಆದರೆ ಆರಂಭವಾದದ್ದು ಮೊಸರು-ತುಪ್ಪದಿಂದ, ಅಂದರೆ ಆ ಊರಿನ ಜನರಿಗೆ ದಿನವೂ ಬೇಕಾದ ವಸ್ತುವಿನಿಂದ.

ಬೆಂಗಳೂರಿನಲ್ಲಿ ದೊಡ್ಡ ಬ್ಯಾಂಕಿನ ತಂತ್ರಾಂಶ ಬರೆದವನು ತಿರ್ಲಾಪುರಕ್ಕೆ ಬಂದು ಅದೇ ಕೆಲಸವನ್ನು ಹುಡುಕಿದರೆ ನಿರಾಶನಾಗುವನು. ಅವನು ಮೊದಲು ಸಂತೆಯ ದಾರಿಯನ್ನು ಕೇಳಬೇಕು. ಸುತ್ತಮುತ್ತಲಿನ ಜನರಿಗೆ ದಿನವೂ ಏನು ಬೇಕಾಗಿದೆ?

ನವಲಗುಂದ, ಅಣ್ಣಿಗೇರಿ, ಕುಂದಗೋಳಗಳು ಕಪ್ಪು ಮಣ್ಣಿನ ಪ್ರದೇಶ. ಹತ್ತಿ, ಹೆಸರು, ಕಡಲೆ, ಗೋಧಿ, ಉಳ್ಳಾಗಡ್ಡಿ, ಮೆಣಸಿನಕಾಯಿ ಇಲ್ಲಿಯ ಬೆಳೆಗಳು. ಈ ಬೆಳೆಗಳ ಸುತ್ತ ಬೀಜ-ಗೊಬ್ಬರದ ಅಂಗಡಿಗಳು, ದಲಾಲಿ ಅಂಗಡಿಗಳು, ಲಾರಿ ಮಾಲಕರು, ಸಹಕಾರಿ ಸಂಘಗಳು, ಹುಬ್ಬಳ್ಳಿಯ ಅಮರಗೋಳದ ಎ.ಪಿ.ಎಂ.ಸಿ. ಮಾರುಕಟ್ಟೆ ಇವೆ. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದ ಬಳಿಕ, ಕೆಂಪು ವಹಿಯಲ್ಲಿ ಲೆಕ್ಕ ಬರೆಯುತ್ತಿದ್ದ ಚಿಕ್ಕ ವ್ಯಾಪಾರಿಗಳೂ ಕಂಪ್ಯೂಟರಿನ ಮುಖ ನೋಡಬೇಕಾಯಿತು. ತಿಂಗಳಿಗೊಮ್ಮೆ ವಿವರ ಸಲ್ಲಿಸುವ ವ್ಯಾಪಾರಿಗೆ 11ನೇ ತಾರೀಖು ಮತ್ತು 20ನೇ ತಾರೀಖು ತಲೆನೋವಿನ ದಿನಗಳು. ಬಿಲ್ಲು, ದಾಸ್ತಾನು, ಉದ್ರಿ ಬಾಕಿ, ಸಾಗಾಟದ ಚೀಟಿ ಇವೆಲ್ಲವನ್ನೂ ಅಚ್ಚುಕಟ್ಟಾಗಿ ಕುಳ್ಳಿರಿಸಿಕೊಡುವವನು ಅವರಿಗೆ ಬೇಕಾಗಿದ್ದಾನೆ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಕಂಪ್ಯೂಟರೀಕರಣಗೊಳಿಸುವ ಯೋಜನೆಗೆ ಕೇಂದ್ರ ಸರಕಾರ 2022ರಲ್ಲಿ ಒಪ್ಪಿಗೆ ನೀಡಿತು. ಅದೇ ವರ್ಷದ ಜನವರಿಯಲ್ಲಿ ರಾಜ್ಯದಲ್ಲಿ ಗ್ರಾಮ ಒನ್ ಕೇಂದ್ರಗಳು ಆರಂಭವಾದವು. ಖಾಸಗಿ ಶಾಲೆಗಳಿಗೆ ಶುಲ್ಕದ ಲೆಕ್ಕ ಬೇಕು, ಚಿಕ್ಕ ಆಸ್ಪತ್ರೆಗಳಿಗೆ ರೋಗಿಗಳ ದಾಖಲೆ ಬೇಕು. ಮಸೀದಿ ಕಮಿಟಿಗಳ ಲೆಕ್ಕವೂ ಇನ್ನೂ ಅನೇಕ ಕಡೆ ಚೀಟಿಗಳಲ್ಲೇ ಇದೆ.

ಕನ್ನಡದ ಕೆಲಸವೇ ಒಂದು ಪ್ರತ್ಯೇಕ ಕ್ಷೇತ್ರ. ಬರಹ, ನುಡಿ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಟೈಪು ಮಾಡಿಟ್ಟ ಪತ್ರಗಳು, ಪುಸ್ತಕಗಳು, ಸಂಘದ ದಾಖಲೆಗಳು ಇಂದಿನ ಮೊಬೈಲಿನಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತವೆ. ಅವನ್ನು ಯೂನಿಕೋಡಿಗೆ ಬದಲಾಯಿಸಿ, ಒತ್ತಕ್ಷರಗಳನ್ನು ತಿದ್ದಿ ಕೊಡುವುದಕ್ಕೆ ಕಂಪ್ಯೂಟರೂ ಗೊತ್ತಿರಬೇಕು, ಕನ್ನಡವೂ ಗೊತ್ತಿರಬೇಕು. ಎರಡೂ ಬಲ್ಲವರು ಕಡಿಮೆ. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದವನಿಗೆ ಇದು ಕೊರತೆಯಲ್ಲ, ಬಂಡವಾಳ.

ಮೊದಲ ಗಿರಾಕಿಯನ್ನು ಪಡೆಯುವ ಉಪಾಯವನ್ನು ಮೂಸಾ(ಅ)ರ ಪ್ರಸಂಗದಿಂದಲೇ ಕಲಿಯಬಹುದು. ಅವರು ಮೊದಲು ಕಷ್ಟವೇನೆಂದು ಕೇಳಿದರು, ನಂತರ ಕೆಲಸ ಮಾಡಿ ತೋರಿಸಿದರು. ಗಿರಾಕಿಯ ಬಳಿ ಹೋಗಿ ತನಗೆ ಬರುವ ಹತ್ತು ತಂತ್ರಾಂಶಗಳ ಹೆಸರು ಹೇಳಿದರೆ ಪ್ರಯೋಜನವಿಲ್ಲ. ಅವನ ಅಂಗಡಿಯಲ್ಲಿ ಅರ್ಧ ದಿನ ಕುಳಿತು, ಯಾವ ಲೆಕ್ಕಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ, ಎಲ್ಲಿ ತಪ್ಪುಗಳಾಗುತ್ತವೆ ಎಂದು ನೋಡಬೇಕು. ಒಂದು ಚಿಕ್ಕ ಕೆಲಸವನ್ನು ಚೊಕ್ಕವಾಗಿ ಮಾಡಿಕೊಡಬೇಕು. ಶಿಫಾರಸು ಆಮೇಲೆ ಬರುತ್ತದೆ. ಮೂಸಾ(ಅ)ರು ತಾನು ಬಲಶಾಲಿ, ತಾನು ವಿಶ್ವಸ್ತನೆಂದು ಹೇಳಿಕೊಳ್ಳಲಿಲ್ಲ. ಕೆಲಸವನ್ನು ಕಂಡವರು ಹೇಳಿದರು. ದಲಾಲಿ ಅಂಗಡಿಯ ಒಬ್ಬ ಸಾವಕಾರರು ಚಹಾ ಕುಡಿಯುತ್ತಾ ಪಕ್ಕದ ಅಂಗಡಿಯವರಿಗೆ ಹೇಳುವ ಒಂದು ಮಾತು ನೂರು ಜಾಹೀರಾತುಗಳಿಗಿಂತ ಮೇಲು.

ಭಾರತದಲ್ಲಿ ಇಂದು ಅಂಗಡಿ ಅಂಗಡಿಗಳಲ್ಲಿ ಕಾಣುವ ಟ್ಯಾಲಿ ತಂತ್ರಾಂಶ ಹುಟ್ಟಿದ್ದೂ ಹೀಗೆಯೇ. 1986ರಲ್ಲಿ ಬೆಂಗಳೂರಿನ ಉದ್ಯಮಿ ಶ್ಯಾಮ್ ಸುಂದರ್ ಗೋಯೆಂಕಾರಿಗೆ ತಮ್ಮ ವ್ಯವಹಾರದ ಲೆಕ್ಕಕ್ಕೆ ತಕ್ಕ ತಂತ್ರಾಂಶ ಸಿಗಲಿಲ್ಲ. ಅವರು ತಮ್ಮ ಮಗ ಭರತ್ ಗೋಯೆಂಕಾರಿಗೆ ಅದನ್ನು ಬರೆಯಲು ಹೇಳಿದರು. ಅಂದರೆ ಮೊದಲು ಕಷ್ಟವಿತ್ತು, ತಂತ್ರಾಂಶ ನಂತರ ಬಂತು.

ಕಾಲಕ್ಕೆ ಒಗ್ಗಿಕೊಳ್ಳುವುದು

ಕಂಪ್ಯೂಟರ್ ವಿದ್ಯೆಯಷ್ಟು ಬೇಗ ಹಳತಾಗುವ ವಿದ್ಯೆ ಬೇರೊಂದಿಲ್ಲ. ನಮ್ಮ ಪಟ್ಟಣಗಳಲ್ಲಿ ಟೈಪಿಂಗ್ ಶಾಲೆಗಳಿದ್ದವು, ಹೋದವು. ಹಳದಿ ಫಲಕದ ಎಸ್.ಟಿ.ಡಿ. ಬೂತುಗಳು ಬಂದವು, ಹೋದವು. ಸೈಬರ್ ಕೆಫೆಗಳು ತುಂಬಿ ತುಳುಕುತ್ತಿದ್ದವು. ಮೊಬೈಲ್ ಬಂದ ಬಳಿಕ ಅವೂ ವಿರಳವಾದವು. ಅದೇ ಯಂತ್ರವನ್ನು ನಂಬಿ ಕುಳಿತವರು ಅಂಗಡಿ ಮುಚ್ಚಿದರು. ಯಂತ್ರವನ್ನಲ್ಲ, ಗಿರಾಕಿಯ ಅಗತ್ಯವನ್ನು ಹಿಂಬಾಲಿಸಿದವರು ಟೈಪಿಂಗಿನಿಂದ ಡಿ.ಟಿ.ಪಿ.ಗೆ, ಡಿ.ಟಿ.ಪಿ.ಯಿಂದ ಆನ್‌ಲೈನ್ ಅರ್ಜಿಗಳಿಗೆ, ಅಲ್ಲಿಂದ ಜಿ.ಎಸ್.ಟಿ. ಲೆಕ್ಕಕ್ಕೆ ದಾಟಿದರು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಪತ್ರ ಬರೆಯುವುದು, ಚಿಕ್ಕ ಪ್ರೋಗ್ರಾಂ ಬರೆಯುವುದು ಎಲ್ಲರಿಗೂ ಸುಲಭವಾಗುತ್ತಿದೆ. ಬರೇ ಟೈಪು ಮಾಡಿಕೊಡುವವನಿಗೆ ಇದರಿಂದ ಪೆಟ್ಟು ಬೀಳುವುದು ಸಹಜ. ಆದರೆ ಯಂತ್ರ ಕೊಟ್ಟ ಉತ್ತರ ಸರಿಯೋ ತಪ್ಪೋ ಎಂದು ಪರೀಕ್ಷಿಸಿ, ಅದರ ಹೊಣೆ ಹೊರುವ ಮನುಷ್ಯನು ಗಿರಾಕಿಗೆ ಬೇಕೇ ಬೇಕು.

ದೊಡ್ಡವರೂ ಹೀಗೆಯೇ ಬದಲಾದವರು. ವಿಪ್ರೋ ಕಂಪನಿ 1945ರಲ್ಲಿ ಮಹಾರಾಷ್ಟ್ರದ ಅಮಳನೇರದಲ್ಲಿ ವನಸ್ಪತಿ ಎಣ್ಣೆಯ ಕಾರ್ಖಾನೆಯಾಗಿ ಹುಟ್ಟಿತು. ತಂದೆಯ ನಿಧನದಿಂದಾಗಿ 1966ರಲ್ಲಿ ಅಝೀಮ್ ಪ್ರೇಮ್‌ಜಿಯವರು ಎಳೆಯ ವಯಸ್ಸಿನಲ್ಲೇ ಅದರ ಹೊಣೆ ಹೊತ್ತರು. 1978ರಲ್ಲಿ ಐ.ಬಿ.ಎಂ. ಭಾರತವನ್ನು ಬಿಟ್ಟುಹೋದಾಗ ಉಂಟಾದ ತೆರವನ್ನು ಕಂಡು ಅವರು ಕಂಪ್ಯೂಟರಿನತ್ತ ತಿರುಗಿದರು. ಇನ್ಫೋಸಿಸ್ 1981ರಲ್ಲಿ ಪುಣೆಯಲ್ಲಿ ಏಳು ಮಂದಿಯಿಂದ ಆರಂಭವಾಯಿತು. ಮೊದಲ ಬಂಡವಾಳವಾದ ಹತ್ತು ಸಾವಿರ ರೂಪಾಯಿಯನ್ನು ಕೊಟ್ಟವರು ನಮ್ಮ ಶಿಗ್ಗಾವಿಯಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಓದಿದ ಸುಧಾ ಮೂರ್ತಿಯವರು. ಆರಂಭದಲ್ಲಿ ಅವರ ಬಳಿ ಸ್ವಂತ ಕಂಪ್ಯೂಟರೇ ಇರಲಿಲ್ಲ. 1983ರಲ್ಲಿ ಬೆಂಗಳೂರಿನ ಮೈಕೋ ಕಂಪನಿ ಗಿರಾಕಿಯಾದುದರಿಂದ ಅವರು ಬೆಂಗಳೂರಿಗೆ ಬಂದರು. ಗಿರಾಕಿ ಇದ್ದ ಕಡೆಗೆ ಕಂಪನಿಯೇ ನಡೆದು ಹೋಯಿತು.

ನಮ್ಮ ನೆರೆಯಲ್ಲೇ ಇರುವ ಇನ್ನೊಂದು ಉದಾಹರಣೆ ಕಣ್ತೆರೆಸುವಂಥದು. ನವಲಗುಂದದ ಜಮಖಾನೆ ಹೆಸರುವಾಸಿಯಾದುದು. ಅದನ್ನು ನೇಯುವವರು ಮುಸ್ಲಿಮ್ ಮಹಿಳೆಯರು. ಈ ಕಲೆ ಬಿಜಾಪುರದ ಆದಿಲ್‌ಶಾಹಿ ಕಾಲದಿಂದ ಬಂದುದೆಂದು ಹೇಳಲಾಗುತ್ತದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಕೈಯಲ್ಲಿ ಇಷ್ಟು ದೊಡ್ಡ ಹುನ್ನರ್ ಇದ್ದರೂ ನೇಯುವವರ ಸಂಖ್ಯೆ ಕುಗ್ಗುತ್ತಾ ಬಂತು. ನೇಯಲು ದಿನಗಟ್ಟಲೆ ಹಿಡಿಯುವ ಕೈಕೆಲಸದ ಜಮಖಾನೆ, ಅಗ್ಗದ ಯಂತ್ರದ ಚಾಪೆಯ ಎದುರು ಸಂತೆಯಲ್ಲಿ ನಿಲ್ಲಲಾರದು. ಅದರ ಬೆಲೆಯನ್ನು ಬಲ್ಲ ಗಿರಾಕಿ ದೂರದ ನಗರಗಳಲ್ಲಿದ್ದಾನೆ, ಅವನವರೆಗೆ ನೇಯುವವಳ ಕೈ ತಲುಪುವುದಿಲ್ಲ. ಹುನ್ನರ್ ಇದ್ದರೆ ಸಾಲದು, ಗಿರಾಕಿಯವರೆಗಿನ ದಾರಿಯೂ ಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಮತ್ತು ಆ ದಾರಿಯನ್ನು ಹಾಕಿಕೊಡಬಲ್ಲವನು ಫೋಟೋ, ಬೆಲೆಪಟ್ಟಿ, ಹಣ ಪಾವತಿಯ ವ್ಯವಸ್ಥೆ ಬಲ್ಲ ಕಂಪ್ಯೂಟರ್ ಯುವಕನೇ. ತನ್ನ ಗಿರಾಕಿಯನ್ನು ಹುಡುಕುತ್ತಿರುವವನು, ಗಿರಾಕಿಯಿಲ್ಲದ ಆ ತಾಯಂದಿರಿಗೂ ಗಿರಾಕಿಯನ್ನು ಹುಡುಕಿಕೊಡಬಹುದು.

ಕರಾರು ಬರೆದಿಡಿ

ಕುರ್‌ಆನಿನ ಅತಿ ದೀರ್ಘ ವಚನ ಯಾವುದು? ನಮಾಝಿನ ಬಗ್ಗೆಯಲ್ಲ, ಹಜ್ಜಿನ ಬಗ್ಗೆಯಲ್ಲ. ಅಲ್ ಬಕರ ಅಧ್ಯಾಯದ 282ನೇ ವಚನ, ಅವಧಿಯಿಟ್ಟ ಸಾಲದ ವ್ಯವಹಾರವನ್ನು ಬರೆದಿಡಬೇಕೆಂಬುದರ ಬಗ್ಗೆ. ಮೊತ್ತ ಚಿಕ್ಕದಾದರೂ ದೊಡ್ಡದಾದರೂ ಬರೆಯಲು ಬೇಸರಪಡಬಾರದೆಂದು ಅದು ತಾಕೀತು ಮಾಡುತ್ತದೆ. ನಮ್ಮ ಊರುಗಳಲ್ಲಿ ಬರೆಸಿಕೊಳ್ಳುವುದೆಂದರೆ ಅಪನಂಬಿಕೆ ಎಂದು ತಿಳಿಯುತ್ತಾರೆ. ವಾಸ್ತವದಲ್ಲಿ ಬರಹವು ಸಂಬಂಧವನ್ನು ಕಾಪಾಡುತ್ತದೆ. ಗೆಳೆತನ ಮುರಿಯುವುದು ಹೆಚ್ಚಾಗಿ ಬರೆಯದ ಮಾತಿನಿಂದ.

ಮದ್‌ಯನ್‌ನ ಕರಾರನ್ನು ನೋಡಿ. ಕೆಲಸ ಯಾರದು, ಅವಧಿ ಎಷ್ಟು, ಪ್ರತಿಯಾಗಿ ಏನು ಎಂಬುದೆಲ್ಲವೂ ಮೊದಲೇ ನಿಗದಿಯಾಯಿತು. ಎಂಟು ವರ್ಷ ಕಡ್ಡಾಯ, ಹತ್ತು ಮಾಡಿದರೆ ಅದು ಮೂಸಾ(ಅ)ರ ಇಷ್ಟ. ತಾನು ಅವರನ್ನು ಕಷ್ಟಕ್ಕೀಡುಮಾಡಲು ಬಯಸುವುದಿಲ್ಲವೆಂದು ಆ ಹಿರಿಯರು ಹೇಳಿದರು. ಎರಡರಲ್ಲಿ ಯಾವ ಅವಧಿಯನ್ನು ಪೂರೈಸಿದರೂ ತನ್ನ ಮೇಲೆ ಒತ್ತಾಯ ಇರಬಾರದೆಂದು ಮೂಸಾ(ಅ)ರು ಸ್ಪಷ್ಟಪಡಿಸಿಕೊಂಡರು. ಕಂಪ್ಯೂಟರ್ ಕೆಲಸದಲ್ಲಿ ಜಗಳ ಬರುವುದು ಇಲ್ಲಿಯೇ. ಬಿಲ್ಲಿನ ತಂತ್ರಾಂಶವನ್ನು ಮಾಡಿಕೊಡಲು ಒಪ್ಪಿದವನಿಗೆ, ಅಷ್ಟೇ ಹಣದಲ್ಲಿ ದಾಸ್ತಾನಿನ ಲೆಕ್ಕವೂ ಆಗಲಿ, ಕೂಲಿಗಳ ಹಾಜರಿಯೂ ಆಗಲಿ ಎಂದು ಬೇಡಿಕೆ ಬೆಳೆಯುತ್ತಲೇ ಹೋಗುತ್ತದೆ. ಆದುದರಿಂದ ಒಂದು ಹಾಳೆಯಲ್ಲಿ ಈ ಐದು ಸಂಗತಿಗಳನ್ನು ಕನ್ನಡದಲ್ಲೇ ಬರೆದು ಇಬ್ಬರೂ ಸಹಿ ಹಾಕಿರಿ: ಯಾವ ಕೆಲಸ ಸೇರಿದೆ, ಯಾವುದು ಸೇರಿಲ್ಲ, ಎಷ್ಟು ದಿನ, ಎಷ್ಟು ಹಣ ಮತ್ತು ಯಾವಾಗ, ಕೆಲಸ ಮುಗಿದ ಮೇಲೆ ಎಷ್ಟು ತಿಂಗಳು ಉಚಿತ ದುರಸ್ತಿ.

ಹೇಳಿ ಮಾಡಿಸುವ ವಸ್ತುವಿನ ಕರಾರಿಗೆ ಫಿಕ್‌ಹ್‌ನಲ್ಲಿ ಇಸ್ತಿಸ್ನಾ ಎಂದು ಹೆಸರು. ಅದರಲ್ಲಿ ಹಣವನ್ನು ಮೊದಲೇ ಕೊಡಬಹುದು, ಕಂತುಗಳಲ್ಲಿ ಕೊಡಬಹುದು, ಕೊನೆಗೂ ಕೊಡಬಹುದು. ಹೊಸಬನಿಗೆ ಮೂರು ಕಂತುಗಳು ಒಳ್ಳೆಯದು: ಆರಂಭದಲ್ಲಿ, ಅರ್ಧ ಕೆಲಸಕ್ಕೆ, ಒಪ್ಪಿಸಿದ ಮೇಲೆ. ಕೆಲಸ ಮಧ್ಯದಲ್ಲಿ ನಿಂತುಹೋದರೆ ಮಾಡಿದ ಕೆಲಸದಷ್ಟನ್ನು ಇಟ್ಟುಕೊಂಡು ಉಳಿದುದನ್ನು ಮರಳಿಸಿ. ಸಂಚಕಾರವನ್ನು ಸುಮ್ಮನೆ ನುಂಗಿಬಿಡುವುದನ್ನು ಹನಫೀ ವಿದ್ವಾಂಸರು ಒಪ್ಪಿಲ್ಲ.

ತಾಸಿನ ಲೆಕ್ಕದಲ್ಲಿ ದುಡಿಯುವವನಿಗೆ ತಾಸೇ ತಕ್ಕಡಿ. ಒಂದು ತಾಸು ಮಾಡಿ ಎರಡು ತಾಸು ಬರೆಯುವವನು ಅಲ್ ಮುತಫ್ಫಿಫೀನ್ ಅಧ್ಯಾಯದ ಆರಂಭದಲ್ಲಿ ಎಚ್ಚರಿಸಲ್ಪಟ್ಟವರ ಸಾಲಿನಲ್ಲೇ ನಿಲ್ಲುವನು. ಹಾಗೆಂದು ತೀರಾ ಕಡಿಮೆ ದರ ಹೇಳಿ ಗಿರಾಕಿಯನ್ನು ಸೆಳೆಯುವುದೂ ಬೇಡ. ಹೊಟ್ಟೆಗೆ ಸಾಲದ ದರ ಹೇಳಿದವನು ಕೊನೆಗೆ ಕೆಲಸವನ್ನು ಅರ್ಧಕ್ಕೆ ಬಿಟ್ಟು ಓಡುವನು.

ಇನ್ನು ಬಾಕಿಯ ಮಾತು. ಕೂಲಿಯಾಳಿನ ಬೆವರು ಆರುವ ಮೊದಲೇ ಅವನ ಕೂಲಿಯನ್ನು ಕೊಡಬೇಕೆಂಬ ಉಪದೇಶ ಇಬ್ನುಮಾಜಾದ ಹದೀಸಿನಲ್ಲಿದೆ. ಈ ಹದೀಸನ್ನು ಗಿರಾಕಿಗಳಾಗಿರುವ ನಮ್ಮ ವ್ಯಾಪಾರಿಗಳೂ ಓದಬೇಕು. ಬೆವರು ಕಾಣದ ಕೆಲಸವೆಂದು ಕಂಪ್ಯೂಟರಿನವನ ಹಣವನ್ನು ಆರು ತಿಂಗಳು ಎಳೆಯುವುದು ಸಣ್ಣ ತಪ್ಪಲ್ಲ. ದೇಶದ ಕಾನೂನೂ ದುಡಿಯುವವನ ಜೊತೆಗಿದೆ. ಉದ್ಯಮ್ ನೋಂದಣಿ ಉಚಿತ. ಅದನ್ನು ಮಾಡಿಸಿಕೊಂಡ ಸಣ್ಣ ಸೇವಾದಾರನಿಗೆ, 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯಿದೆಯ ಪ್ರಕಾರ, ಗಿರಾಕಿಯು ಲಿಖಿತ ಕರಾರಿನ ಅವಧಿಯೊಳಗೆ, ಹೆಚ್ಚೆಂದರೆ 45 ದಿನಗಳಲ್ಲಿ, ಹಣ ಕೊಡಬೇಕು. ಲಿಖಿತ ಕರಾರಿಲ್ಲದಿದ್ದರೆ ಗಡುವು 15 ದಿನ. ಕೊಡದಿದ್ದರೆ ದೂರು ಸಲ್ಲಿಸುವ ವ್ಯವಸ್ಥೆಯಿದೆ. ತಡವಾದುದಕ್ಕೆ ಚಕ್ರಬಡ್ಡಿಯನ್ನೂ ಆ ಕಾಯಿದೆ ಕೊಡಿಸುತ್ತದೆ. ಇಲ್ಲಿ ಮುಸ್ಲಿಮನ ನಿಲುವು ಅಲ್ ಬಕರದ 279 ಮತ್ತು 280ನೇ ವಚನಗಳಿಂದ ತಿಳಿಯುತ್ತದೆ: ಅಸಲು ನಿಮ್ಮ ಹಕ್ಕು, ಅದನ್ನು ಕೇಳಿರಿ, ಕೊಡಬೇಕಾದವನು ನಿಜವಾಗಿ ಕಷ್ಟದಲ್ಲಿದ್ದರೆ ಸಮಯ ಕೊಡಿರಿ. ಬೆಳೆ ಕೈಕೊಟ್ಟ ವರ್ಷ ಗೊಬ್ಬರದಂಗಡಿಯವನ ಕೈ ಖಾಲಿಯಿರುವುದು ನವಲಗುಂದದಲ್ಲಿ ಯಾರಿಗೆ ಗೊತ್ತಿಲ್ಲ?

ಸಲಹೆಯೂ ಒಂದು ಅಮಾನತು

ಹಝ್ರತ್ ಅಬುಲ್ ಹೈಸಮ್(ರ) ಎಂಬ ಅನ್ಸಾರಿ ಸಹಾಬಿಗೆ ಮನೆಗೆಲಸಕ್ಕೆ ಆಳಿರಲಿಲ್ಲ. ಪ್ರವಾದಿ(ಸ)ರ ಬಳಿಗೆ ಇಬ್ಬರು ಸೆರೆಯಾಳುಗಳು ಬಂದಾಗ, ಇವರಲ್ಲಿ ಒಬ್ಬನನ್ನು ಆರಿಸಿಕೊಳ್ಳಿರಿ ಎಂದು ಪ್ರವಾದಿ(ಸ)ರು ಅವರಿಗೆ ಹೇಳಿದರು. ತಾವೇ ನನಗಾಗಿ ಆರಿಸಿರಿ ಎಂದರು ಅಬುಲ್ ಹೈಸಮ್. ಆಗ ಪ್ರವಾದಿ(ಸ)ರು, ಯಾರಲ್ಲಿ ಸಲಹೆ ಕೇಳಲಾಗುವುದೋ ಅವನು ವಿಶ್ವಸ್ತನಾಗಿರುತ್ತಾನೆ ಎಂಬ ತತ್ವವನ್ನು ತಿಳಿಸಿ, ಒಬ್ಬನನ್ನು ತೋರಿಸಿ, ಇವನು ನಮಾಝ್ ಮಾಡುವುದನ್ನು ನಾನು ಕಂಡಿದ್ದೇನೆ ಎಂದು ಕಾರಣವನ್ನೂ ಹೇಳಿದರು. ತಿರ್ಮಿದಿಯಲ್ಲಿ ಈ ಪ್ರಸಂಗವಿದೆ. ಸಲಹೆಗಾರನೆಂದು ಫಲಕ ಹಾಕಿಕೊಳ್ಳುವ ಪ್ರತಿಯೊಬ್ಬನೂ ಇದನ್ನು ಕಂಠಪಾಠ ಮಾಡಬೇಕು. ತಿಳಿಯದೆ ಕೇಳಿದವನ ಲಾಭವನ್ನು ನೋಡುವುದು ಮತ್ತು ಸಲಹೆಯ ಕಾರಣವನ್ನು ಬಿಚ್ಚಿ ಹೇಳುವುದು, ಇವೆರಡೂ ಅದರಲ್ಲಿವೆ.

ಕಿರಾಣಿ ಅಂಗಡಿಯ ಹಿರಿಯರೊಬ್ಬರು ಕೇಳುತ್ತಾರೆಂದುಕೊಳ್ಳಿ: "ತಮ್ಮಾ, ನಮ್ಮ ಕಂಪ್ಯೂಟರ್ ಭಾಳ ನಿಧಾನ ಆಗೈತಿ. ಹೊಸಾದು ತಗೊಳ್ಳೇನು? ನೀ ಹೇಳಿದಂಗ ಮಾಡ್ತೀನಿ." ಹುಬ್ಬಳ್ಳಿಯ ಅಂಗಡಿಯೊಂದು ಪ್ರತಿ ಹೊಸ ಯಂತ್ರಕ್ಕೆ ಈ ಯುವಕನಿಗೆ ದಲಾಲಿ ಕೊಡುತ್ತದೆ. ಹೂಂ ಎಂದರೆ ಕುಳಿತಲ್ಲೇ ಕೆಲವು ಸಾವಿರ. ಆದರೆ ಹಳೆಯ ಡಿಸ್ಕನ್ನು ತೆಗೆದು ಎಸ್.ಎಸ್.ಡಿ. ಹಾಕಿ, ಸ್ವಲ್ಪ ಮೆಮೊರಿ ಹೆಚ್ಚಿಸಿದರೆ ಅದೇ ಯಂತ್ರ ಇನ್ನೂ ಕೆಲವು ವರ್ಷ ಚೆನ್ನಾಗಿ ನಡೆಯುವುದೆಂದು ಅವನಿಗೆ ಗೊತ್ತಿದೆ. ಆಗ ಅವನ ನಾಲಗೆಯಿಂದ ಬರಬೇಕಾದ ಮಾತು ಒಂದೇ: "ಹೊಸಾದು ಬ್ಯಾಡ್ರಿ ಕಾಕಾ, ಡಿಸ್ಕ್ ಬದಲಿ ಮಾಡಿದ್ರ ಸಾಕ್ರಿ." 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಕೊನೆಗೊಂಡಿತು. ಇದನ್ನು ನೆಪವಾಗಿಸಿ ಎಲ್ಲರಿಗೂ ಹೊಸ ಯಂತ್ರ ಮಾರುವವರಿದ್ದಾರೆ. ಬ್ಯಾಂಕ್ ವ್ಯವಹಾರ ನಡೆಸುವ ಹಳೆಯ ಯಂತ್ರಕ್ಕೆ ಅಪಾಯವಿರುವುದು ನಿಜ. ಯಾವ ಯಂತ್ರ ವಿಂಡೋಸ್ 11ಕ್ಕೆ ಒಪ್ಪುತ್ತದೆ, ಯಾವುದಕ್ಕೆ ಉಚಿತವಾದ ಲಿನಕ್ಸ್ ಹಾಕಿದರೆ ನಡೆಯುತ್ತದೆ, ಯಾವುದನ್ನು ಬದಲಿಸಲೇಬೇಕು ಎಂದು ಒಂದೊಂದಾಗಿ ಪರೀಕ್ಷಿಸಿ ಹೇಳುವುದೇ ಪ್ರಾಮಾಣಿಕ ಸಲಹೆ. ದಲಾಲಿಯೇ ನಿಷಿದ್ಧವಲ್ಲ. ಆದರೆ ಸಲಹೆಯ ವೇಷದಲ್ಲಿ, ಗಿರಾಕಿಗೆ ತಿಳಿಸದೆ ಪಡೆಯುವ ದಲಾಲಿ ವಂಚನೆ. ಒಣ ಧಾನ್ಯದ ರಾಶಿಯ ಕೆಳಗೆ ತೊಯ್ದ ಧಾನ್ಯವನ್ನು ಅಡಗಿಸಿದ ವ್ಯಾಪಾರಿಯನ್ನು ಪ್ರವಾದಿ(ಸ)ರು ಖಂಡಿಸಿದ ಘಟನೆ ಸಹೀಹ್ ಮುಸ್ಲಿಮ್‌ನಲ್ಲಿದೆ. ಇದೂ ಅಂಥದೇ ರಾಶಿ.

ರಿಪೇರಿಗೆ ಬಂದ ಯಂತ್ರದಲ್ಲಿ ಮನೆಯ ಫೋಟೋಗಳಿರುತ್ತವೆ, ಆಧಾರ್ ಪ್ರತಿಗಳಿರುತ್ತವೆ, ಬ್ಯಾಂಕಿನ ಗುಪ್ತಪದಗಳಿರುತ್ತವೆ, ಒಬ್ಬ ವ್ಯಾಪಾರಿಯ ಖರೀದಿ ದರಗಳಿರುತ್ತವೆ. ಅವನ್ನು ತೆರೆದು ನೋಡುವುದೂ, ಪಕ್ಕದ ವ್ಯಾಪಾರಿಗೆ ತಿಳಿಸುವುದೂ ಅಮಾನತಿನಲ್ಲಿ ಖಿಯಾನತ್. ತಂತ್ರಾಂಶದ ಕಳ್ಳ ಪ್ರತಿಯನ್ನು ಹಾಕಿಕೊಟ್ಟು ಹಣ ಪಡೆಯುವುದು ಇನ್ನೊಬ್ಬರ ದುಡಿಮೆಯನ್ನು ಮಾರಿದಂತೆ. ಗಿರಾಕಿಗೆ ಹಣದ ಅಡಚಣೆಯಿದ್ದರೆ ಲಿಬ್ರೆ ಆಫೀಸಿನಂತಹ ಧರ್ಮಸಮ್ಮತವೂ ಉಚಿತವೂ ಆದ ತಂತ್ರಾಂಶಗಳಿವೆ. ಅವನ್ನು ಕಲಿಸಿಕೊಡುವುದಕ್ಕೆ ಶುಲ್ಕ ಪಡೆಯಿರಿ.

ಬೇಡವೆನ್ನಬೇಕಾದ ಗಿರಾಕಿ

ಹೊಸದಾಗಿ ಆರಂಭಿಸಿದವನ ನಿಜವಾದ ಪರೀಕ್ಷೆ ಕೆಲಸ ಸಿಗದ ತಿಂಗಳಲ್ಲಿ. ಅಂಗಡಿ ಬಾಡಿಗೆ ಬಾಕಿಯಿದೆ, ಮಗುವಿನ ಶಾಲೆಯ ಶುಲ್ಕ ಕೊಡಬೇಕಾಗಿದೆ. ಆಗಲೇ ಒಬ್ಬನು ಬಂದು, ಮಾರ್ಕ್ಸ್ ಕಾರ್ಡಿನ ಒಂದು ಅಂಕಿಯನ್ನು ತಿದ್ದಿಕೊಡು ಎನ್ನುವನು. ಇನ್ನೊಬ್ಬನು ಉತಾರದ ಪ್ರತಿಯಲ್ಲಿ ಹೆಸರು ಬದಲಿಸು ಎನ್ನುವನು. ಮತ್ತೊಬ್ಬನಿಗೆ ಸರಕೇ ಸಾಗದ ಸುಳ್ಳು ಜಿ.ಎಸ್.ಟಿ. ಬಿಲ್ಲು ಬೇಕು. ಹತ್ತು ನಿಮಿಷದ ಕೆಲಸ, ಕೇಳಿದಷ್ಟು ಹಣ. ಪಾಪ ಮತ್ತು ಅತಿಕ್ರಮದಲ್ಲಿ ಸಹಕರಿಸಬಾರದೆಂದು ಅಲ್ ಮಾಇದ ಅಧ್ಯಾಯದ 2ನೇ ವಚನ ತಡೆಯುತ್ತದೆ. ಒಬ್ಬ ಬಡ ವಿದ್ಯಾರ್ಥಿಯ ಸೀಟನ್ನು, ಒಬ್ಬ ಅನಾಥನ ಹೊಲವನ್ನು ಆ ಹತ್ತು ನಿಮಿಷಗಳು ಕಸಿಯಬಲ್ಲವು. ಇದು ಜೈಲಿಗೆ ಹೋಗುವ ಅಪರಾಧವೂ ಹೌದು.

ಬಡ್ಡಿ ವ್ಯವಹಾರದವರಿಗೆ ಬಡ್ಡಿಯ ಲೆಕ್ಕದ ತಂತ್ರಾಂಶವನ್ನು ಬರೆದುಕೊಡಬಹುದೇ ಎಂಬ ಪ್ರಶ್ನೆ ಅನೇಕರಿಗೆ ಎದುರಾಗುತ್ತದೆ. ಬಡ್ಡಿ ತಿನ್ನುವವನೊಂದಿಗೆ ಅದನ್ನು ಬರೆಯುವವನನ್ನೂ ಸಾಕ್ಷಿಗಳನ್ನೂ ಪ್ರವಾದಿ(ಸ)ರು ಶಪಿಸಿದ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಅಂದು ಲೇಖಣಿ ಮಾಡುತ್ತಿದ್ದ ಕೆಲಸವನ್ನು ಇಂದು ತಂತ್ರಾಂಶ ಮಾಡುತ್ತಿದೆ. ಆದುದರಿಂದ ಬಡ್ಡಿಯೇ ಮುಖ್ಯ ಕಸುಬಾಗಿರುವವರ ಕೆಲಸದಿಂದ ದೂರವಿರುವುದೇ ಕ್ಷೇಮ. ಆದರೆ ಸಾಮಾನ್ಯ ವ್ಯಾಪಾರಿಯೊಬ್ಬನ ಲೆಕ್ಕದಲ್ಲಿ ಬ್ಯಾಂಕಿನ ಬಡ್ಡಿಯ ಒಂದು ಸಾಲು ಬಂದರೆ ಏನು ಎಂಬಂತಹ ವಿಷಯಗಳನ್ನು ಬಲ್ಲ ಆಲಿಮರಲ್ಲಿ ವಿವರವಾಗಿ ಹೇಳಿ ಕೇಳಿರಿ. ಸ್ವಂತ ಫತ್ವಾ ಕೊಟ್ಟುಕೊಳ್ಳಬೇಡಿರಿ. ಬಂಡವಾಳಕ್ಕಾಗಿ ಸಾಲ ಮಾಡುವಾಗಲೂ ಇದೇ ಎಚ್ಚರ ಬೇಕು. ಸರಕಾರಿ ನಿಗಮಗಳ ಯೋಜನೆಯಾದರೂ ಅದರ ಷರತ್ತುಗಳನ್ನು ಓದಿ, ಬಡ್ಡಿಯಿದೆಯೇ ಎಂದು ತಿಳಿದು ಮುಂದುವರಿಯಿರಿ. ಈ ಕಸುಬಿನ ಒಂದು ಅನುಗ್ರಹವೇನೆಂದರೆ ಅದನ್ನು ಹಳೆಯ ಒಂದು ಲ್ಯಾಪ್‌ಟಾಪಿನಿಂದ, ಮನೆಯ ಒಂದು ಮೂಲೆಯಿಂದ ಆರಂಭಿಸಬಹುದು. ಹಾಸಿಗೆ ಇದ್ದಷ್ಟು ಕಾಲು ಚಾಚಿದರೆ ಸಾಲದ ಅಗತ್ಯವೇ ಬೀಳದು.

ಮನೆಯವರಿಗೆ ಒಂದು ಮಾತು

ಪಗಾರದ ನೌಕರಿಯಿದ್ದರೆ ಮಾತ್ರ ಮಗನಿಗೆ ಹೆಣ್ಣು ಸಿಗುತ್ತದೆ ಎಂಬ ಭಾವನೆ ನಮ್ಮ ಮನೆಗಳಲ್ಲಿ ಬಲವಾಗಿದೆ. ಸ್ವಂತ ಕೈಯಿಂದ ದುಡಿದು ತಿಂದ ಅನ್ನಕ್ಕಿಂತ ಉತ್ತಮ ಅನ್ನವನ್ನು ಯಾರೂ ಉಂಡಿಲ್ಲವೆಂದು, ಪ್ರವಾದಿ ದಾವೂದ್(ಅ)ರು ಕೈಯ ದುಡಿಮೆಯಿಂದಲೇ ಉಣ್ಣುತ್ತಿದ್ದರೆಂದು ಬುಖಾರಿಯ ಹದೀಸ್ ತಿಳಿಸುತ್ತದೆ. ಮೊದಲ ವರ್ಷದಲ್ಲಿ ಗಿರಾಕಿಗಳು ಕಡಿಮೆಯಿರುವುದು ಸಹಜ. ಆ ವರ್ಷ ಮನೆಯವರ ಚುಚ್ಚುಮಾತು ಅವನನ್ನು ಅಡ್ಡದಾರಿಗೆ ತಳ್ಳಬಹುದು. ಮನೆಯವರ ಸಹನೆ ಅವನನ್ನು ನೇರ ದಾರಿಯಲ್ಲಿ ನಿಲ್ಲಿಸಬಹುದು. ಓದಿದ ಹೆಣ್ಣುಮಕ್ಕಳೂ ಮನೆಯಲ್ಲೇ ಕುಳಿತು ಲೆಕ್ಕಪತ್ರ, ಕನ್ನಡ ಟೈಪಿಂಗ್, ಕರಡು ತಿದ್ದುವ ಕೆಲಸಗಳನ್ನು ಗೌರವದಿಂದ ಮಾಡಬಲ್ಲರು.

ಸ್ವತಂತ್ರನ ಆದಾಯ ಮಳೆಯಂತೆ, ಒಂದು ತಿಂಗಳು ಸುರಿಯುತ್ತದೆ, ಮೂರು ತಿಂಗಳು ಒಣಗುತ್ತದೆ. ಯೂಸುಫ್(ಅ)ರು ಸಮೃದ್ಧಿಯ ಏಳು ವರ್ಷಗಳ ಧಾನ್ಯವನ್ನು ಬರಗಾಲದ ಏಳು ವರ್ಷಗಳಿಗಾಗಿ ಕೂಡಿಡಲು ಹೇಳಿದ ಉಪಾಯ ಯೂಸುಫ್ ಅಧ್ಯಾಯದ 47 ಮತ್ತು 48ನೇ ವಚನಗಳಲ್ಲಿದೆ. ದೊಡ್ಡ ಬಿಲ್ಲು ಬಂದ ತಿಂಗಳು ಹೊಸ ಮೊಬೈಲ್ ಕೊಳ್ಳದೆ, ಮನೆಯ ಕೆಲವು ತಿಂಗಳ ಖರ್ಚನ್ನು ಬೇರೆ ತೆಗೆದಿಡಿರಿ. ಒಬ್ಬನೇ ದೊಡ್ಡ ಗಿರಾಕಿಯನ್ನು ನಂಬದೆ ಹಲವು ಸಣ್ಣ ಗಿರಾಕಿಗಳನ್ನು ಉಳಿಸಿಕೊಳ್ಳಿರಿ. ಒಂದೇ ಬೆಳೆ ನಂಬಿದ ರೈತನ ಗತಿ ನಮ್ಮ ಕಣ್ಣ ಮುಂದಿದೆ. ದಿನಕ್ಕೊಂದು ತಾಸನ್ನಾದರೂ ಹೊಸದನ್ನು ಕಲಿಯಲು ಮೀಸಲಿಡಿರಿ. ಕೆಲಸದ ಒತ್ತಡದಲ್ಲಿ ನಮಾಝಿನ ಸಮಯ ಜಾರಿಹೋಗದಿರಲಿ. ಯಜಮಾನನಿಲ್ಲದವನಿಗೆ ತನ್ನ ಸಮಯದ ಮೇಲೆ ತನ್ನದೇ ಅಧಿಕಾರವಿದೆಯೆಂಬುದನ್ನು ಮರೆಯಬಾರದು.

ಬಲ ಮತ್ತು ವಿಶ್ವಾಸ, ಇವೆರಡೂ ಕೂಡಿದಾಗಲೇ ಕೆಲಸಗಾರನು ಪೂರ್ಣನಾಗುತ್ತಾನೆ. ವಿದ್ಯೆಯಿದ್ದು ವಿಶ್ವಾಸವಿಲ್ಲದವನನ್ನು ಗಿರಾಕಿ ಒಮ್ಮೆ ಮಾತ್ರ ಕರೆಯುವನು. ವಿಶ್ವಾಸವಿದ್ದು ವಿದ್ಯೆಯಿಲ್ಲದವನನ್ನು ಹೊಗಳುವನು, ಆದರೆ ಕೆಲಸವನ್ನು ಬೇರೆಯವನಿಗೆ ಕೊಡುವನು. ವಿದ್ಯೆಯನ್ನು ಹೆಚ್ಚಿಸಿಕೊಳ್ಳುವ, ಅಮಾನತನ್ನು ಕಾಪಾಡುವ ಸೌಭಾಗ್ಯವನ್ನು ಅಲ್ಲಾಹನು ನಮ್ಮ ಯುವಕರಿಗೆ ಕರುಣಿಸಲಿ. ಅವರ ಅಲ್ಪ ಸಂಪಾದನೆಯಲ್ಲೂ ಬರಕತ್ ನೀಡಲಿ. ಆಮೀನ್.